ಕದೀಜಮ್ಮನ ಪಾತ್ರೆಗೆ ಪೈಲಿಯ ಮರಗೆಣಸು

"ಮರಗೆಣಸಾ? ತುಪ್ಪದನ್ನ ಬಂದ ಪಾತ್ರೆಯಲ್ಲಿ ಮರಗೆಣಸು ತುಂಬಿಸಿ ಕಳಿಸುದಾ? ಅದಕ್ಕಿಂತ ನನ್ನನ್ನೇ ಬೇಯಿಸಿ ಕಳಿಸಿ!"

ಓಮನ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಸೊಂಟದ ಮೇಲಿದ್ದದ್ದು ನೆರೆಮನೆಯ ಕದೀಜಮ್ಮನ ಪಾತ್ರೆ. ಬಕ್ರೀದಿಗೆ ಬಾಯಿತನಕ ತುಂಬಿಕೊಂಡು ಬಂದದ್ದು, ಕ್ರಿಸ್‌ಮಸ್‌ಗೆ ಹಾಗೆಯೇ ತುಂಬಿಕೊಂಡು ಹೋಗಬೇಕು. ಪೈಲಿಯ ಸಂಸಾರ ಕೇರಳದಿಂದ ಬಂದು ಕಡಬದಲ್ಲಿ ರಬ್ಬರ್ ಹಾಕಿದಂದಿನಿಂದ ಎರಡು ಮನೆಗಳ ನಡುವೆ ತಪ್ಪದೆ ನಡೆದ ಪದ್ಧತಿ. ನಾಳೆ ಕ್ರಿಸ್‌ಮಸ್, ಪಾತ್ರೆ ಇವತ್ತು ಸಂಜೆಯೇ ಹೋಗಬೇಕು.

ಪೈಲಿಯ ಸಂಕಟ ಬೇರೆ. ಆ ಎಂಬತ್ತೊಂದನೆಯ ಇಸವಿಯಲ್ಲಿ, ಹಬ್ಬದ ಮೊದಲಿನ ಉಪವಾಸ ಶುರುವಾದ ದಿನ, ಇಗರ್ಜಿಯಲ್ಲಿ ಫಾದರ್ "ಈ ಸಲ ಅಂಗಡಿಯ ಆಡಂಬರ ಬೇಡ, ಉಳಿದ ದುಡ್ಡು ಬಡವರಿಗೆ ಹೋಗಲಿ" ಎಂದಿದ್ದರು. ಎಲ್ಲರೂ ನೆಲ ನೋಡುತ್ತಿದ್ದಾಗ ಪೈಲಿ ಎದ್ದು ನಿಂತು, "ಕೊಂಡು ತಂದ ಒಂದು ವಸ್ತುವೂ ನನ್ನ ಅಂಗಳ ದಾಟುದಿಲ್ಲ!" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಆಚೆ ಗುಡ್ಡದ ಚೆರಿಯನ್ ಅವನ ಕೈಚೀಲದ ಮೇಲೆಯೇ ಕಣ್ಣಿಟ್ಟಿದ್ದ. ಒಂದು ಕೇಕ್ ಅವನ ಕಣ್ಣಿಗೆ ಬಿದ್ದರೆ ಸಾಕು, ಇಗರ್ಜಿಯಲ್ಲಿ ಪೈಲಿ ತಲೆ ಎತ್ತುವ ಹಾಗಿರಲಿಲ್ಲ.

ಪೈಲಿ: ಮರಗೆಣಸಿಗೆ ಎಂತ ಕಡಿಮೆ ಆಗಿದೆ ಮಾರಾಯ್ತಿ? ನಮ್ಮದೇ ಮಣ್ಣಿನದ್ದು.

ಓಮನ: ಮಣ್ಣು ನಮ್ಮದೇ, ಮರ್ಯಾದೆ ಯಾರದ್ದು? ಕದೀಜಮ್ಮ ಮುಚ್ಚಳ ತೆಗೆಯುವಾಗ ನನ್ನ ಮುಖ ಎಲ್ಲಿ ಇಡುದು?

ಪೈಲಿ: ಮುಖ ಇಲ್ಲೇ ಇರಲಿ, ಪಾತ್ರೆ ಮಾತ್ರ ಹೋಗಲಿ.

ಓಮನ: ವರ್ಷ ವರ್ಷ ಪುತ್ತೂರಿನಿಂದ ರಿಬ್ಬನ್ ಕಟ್ಟಿದ ಕೇಕ್ ತರ್ತಿದ್ರಿ. ಈ ಸಲವೂ ತನ್ನಿ.

ಪೈಲಿ: ಕೇಕ್ ಎಂದರೆ ಆಡಂಬರ.

ಓಮನ: ಹೌದಾ? ಕಳೆದ ವರ್ಷ ಚೆರಿಯನ್ ಮನೆಯ ಕೇಕನ್ನು ಬೆರಳು ನೆಕ್ಕಿ ತಿಂದದ್ದು ಯಾರು?

ಪೈಲಿ: ಆಗ ನನಗೆ ಜ್ಞಾನೋದಯ ಆಗಿರಲಿಲ್ಲ.

ಓಮನ: ಯೇಸು ಹುಟ್ಟಿದಾಗ ಮೂವರು ರಾಜರು ಚಿನ್ನ ತಂದರು. ಮರಗೆಣಸು ತಂದದ್ದು ಯಾವ ರಾಜ?

ಪೈಲಿ: ಕುರಿ ಕಾಯುವವರು ಬರಿಗೈಯಲ್ಲೇ ಬಂದರಲ್ಲ? ಅವರನ್ನು ಯಾರಾದರೂ ಓಡಿಸಿದರಾ?

ಓಮನ: ಅವರ ಹತ್ತಿರ ಕದೀಜಮ್ಮನ ಪಾತ್ರೆ ಇರಲಿಲ್ಲ!

ಹೇಳುತ್ತಾ ಅವಳು ಪಾತ್ರೆಯನ್ನು ಎದೆಗೆ ಅವುಚಿಕೊಂಡಳು. ಈ ಊರಿನ ಭಾಷೆ ಬಾರದೆ, ಗುರುತಿನವರಿಲ್ಲದೆ ಕೂತಿದ್ದ ದಿನಗಳಲ್ಲಿ ಅವರ ಬಾಗಿಲಿಗೆ ಮೊದಲು ಬಂದವಳು ಕದೀಜಮ್ಮ. ಪೈಲಿಗೂ ಅದು ನೆನಪಾಯಿತು, ಹೆಂಡತಿಯನ್ನು ಕಂಡು ಪಾಪ ಅನ್ನಿಸಿತು. ಮರುಕ್ಷಣ ಚೆರಿಯನ್ ನೆನಪಾದ, ಮನಸ್ಸು ಪುನಃ ಕಲ್ಲಾಯಿತು.

ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮಿದರು. ಕದೀಜಮ್ಮನ ಮಗ ಹಂಝ, ಕಡಬ ಪೇಟೆಯಲ್ಲಿ ಅಂಗಡಿ ಇಟ್ಟವನು. ಅವನು ಪೈಲಿಯನ್ನು ಅಣ್ಣ ಎನ್ನುವ ಹಾಗೆ ಮಲಯಾಳದಲ್ಲಿ ಚೇಟ ಎಂದೂ, ಓಮನಳನ್ನು ಅಕ್ಕ ಎನ್ನುವ ಹಾಗೆ ಚೇಚಿ ಎಂದೂ ಕರೆಯುತ್ತಿದ್ದ.

ಹಂಝ: ಪೈಲಿಚೇಟ, ಉಪವಾಸ ನಿಮ್ಮದು, ಹಸಿವು ನನ್ನ ಅಂಗಡಿಗಾ? ನಕ್ಷತ್ರ, ಬಲೂನು, ಕೇಕು, ತಂದದ್ದೆಲ್ಲ ಹಾಗೇ ಉಂಟು.

ಪೈಲಿ: (ಗತ್ತಿನಿಂದ) ಈ ಸಲ ನಾವೆಲ್ಲ ಸರಳ, ಹಂಝ.

ಹಂಝ: ನೀವು ಸರಳ ಆಗುವಾಗ ನಾನು ದಿವಾಳಿ ಆಗ್ತೇನೆ ಮಾರಾಯ್ರೆ.

ಓಮನ: ಹಂಝ, ನೀನೇ ನ್ಯಾಯ ಹೇಳು. ವರ್ಷ ವರ್ಷ ನಿಮ್ಮ ಮನೆಗೆ ಪುತ್ತೂರಿನಿಂದ ತರಿಸುತ್ತಿದ್ದ ಕೇಕ್ ಈ ಸಲ ಇಲ್ಲ ಅಂತೆ!

ಹಂಝ: ಪುತ್ತೂರಿನಿಂದಾ?

ಪೈಲಿ: (ಅವಸರದಲ್ಲಿ) ಹಂಝ, ಚಾ ಕುಡಿಯುವಾ?

ಹಂಝ: ಕುಡಿಯುವ. ಪುತ್ತೂರು ಎಂತ ಚೇಚಿ? ಚೇಟ ಕೇಕ್ ಕೊಂಡುಹೋಗುದು ನನ್ನ ಅಂಗಡಿಯಿಂದ ಅಲ್ವಾ?

ಪೈಲಿ ಮಾಡಿನ ಹಂಚು ನೋಡತೊಡಗಿದ.

ಓಮನ: ಈಶೋಯೇ! ಹಂಝನ ಅಂಗಡಿಯ ಕೇಕನ್ನು ಹಂಝನ ಮನೆಗೇ ಕಳಿಸಿದ್ದಾ ನಾನು?

ಪೈಲಿ: ಪುತ್ತೂರಿಗೆ ಹೋಗಿ ಬರುವ ಬಸ್ಸಿನ ಖರ್ಚು ಉಳಿಯಿತಲ್ಲ? ನಾನು ಅಂದೇ ಸರಳ ಆಗಿದ್ದೆ.

ಓಮನ: ಬಾಯಿ ಮುಚ್ಚಿ! ಹಂಝ, ನಿನ್ನ ತಾಯಿ, ಉಮ್ಮ ಎಂತ ಹೇಳಿದರು? ತಿಂದು ನಕ್ಕರಾ?

ಹಂಝ: ತಿಂದರಲ್ವಾ ನಗುದು? ಕ್ರಿಸ್‌ಮಸ್ ಕೇಕಿಗೆ ಬ್ರಾಂಡಿ ಹಾಕ್ತಾರೆ ಅಂತ ಯಾರೋ ಅವರ ಕಿವಿ ಊದಿದ್ದಾರೆ. ನನ್ನದು ಬರೀ ದ್ರಾಕ್ಷಿ ಕೇಕ್ ಅಂತ ಆಣೆ ಹಾಕಿದರೂ ಮುಟ್ಟುದಿಲ್ಲ. ನಿಮಗೆ ಬೇಸರ ಆದೀತು ಅಂತ ಸುಮ್ಮನಿದ್ದದ್ದು.

ಓಮನ: ಮತ್ತೆ ಆ ಕೇಕ್ ಎಂತ ಮಾಡಿದಿ?

ಹಂಝ ತಲೆ ಕೆರೆದುಕೊಂಡ.

ಹಂಝ: ಕಟ್ಟು ಬಿಚ್ಚದ ಮಾಲು ಚೇಚಿ, ಹಾಳು ಮಾಡಬಾರದಲ್ಲ... ಪುನಃ ಅಂಗಡಿಗೆ ಹೋಯಿತು. ಕಳೆದ ವರ್ಷ ಹಬ್ಬದ ಬೆಳಿಗ್ಗೆ ಚೆರಿಯನ್‌ಚೇಟ ಬಂದು, ಪೈಲಿಯ ಮನೆಗೆ ಕಳಿಸಲಿಕ್ಕೆ ಒಂದು ಕೇಕ್ ಕೊಡು ಅಂದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೊದಲು ನಗೆ ಬಂದದ್ದು ಓಮನಳಿಗೆ. ಬಂದದ್ದು ನಿಲ್ಲಲೇ ಇಲ್ಲ.

ಓಮನ: "ಚೆರಿಯನ್ ಮನೆ ಕೇಕಿನ ರುಚಿಯೇ ಬೇರೆ" ಅಂತ ನೀವು ತಿಂದದ್ದು ನೀವೇ ತಂದದ್ದಾ!

ಪೈಲಿ: ರುಚಿ ಇತ್ತಲ್ಲ, ಅದು ಮುಖ್ಯ.

ಓಮನ: (ಕಣ್ಣು ಒರೆಸಿಕೊಂಡು) ಇನ್ನು ಉಮ್ಮನಿಗೆ ಎಂತ ಕಳಿಸುದು ಹಂಝ?

ಹಂಝ: ನಾನು ಬಂದದ್ದೇ ಅದಕ್ಕೆ. ನಾಚಿಕೆ ಬಿಟ್ಟು ಕೇಳಿ ಬಾ ಅಂದಿದ್ದಾರೆ. ನಿಮ್ಮ ಹಿತ್ತಿಲ ಮರಗೆಣಸು ಬೇಯಿಸಿ, ಗಾಂಧಾರಿ ಮೆಣಸಿನ ಚಟ್ನಿಯೊಟ್ಟಿಗೆ ಕೊಡ್ತೀರಾ? ನೀವು ಬೇಯಿಸಿದಾಗಲೆಲ್ಲ ಪರಿಮಳಕ್ಕೆ ಬೇಲಿಯ ಹತ್ತಿರ ಬಂದು ನಿಲ್ಲುದು ಅವರು.

ಓಮನಳಿಗೆ ಹೇಳತೀರದ ಸಂತೋಷವಾಯಿತು. ಇಷ್ಟು ವರ್ಷ ಬೇಲಿಯಾಚೆಯ ಆಸೆ ತಿಳಿಯಲಿಲ್ಲವಲ್ಲ ಎಂದು ಕೆಡುಕೂ ಅನ್ನಿಸಿತು. ಪೈಲಿಯ ಎದೆ ಮಾತ್ರ ಉಬ್ಬಿತು.

ಪೈಲಿ: ನೋಡಿದಿಯಾ? ಸರಳತೆ ಗೆದ್ದಿತು! ನಾಳೆ ಇಗರ್ಜಿಯಲ್ಲಿ ಎದ್ದು ನಿಂತು ಹೇಳ್ತೇನೆ.

ಓಮನ: ಧಾರಾಳ ಹೇಳಿ. ಆದರೆ ಉಮ್ಮನಿಗೆ ಮಾತ್ರ ಯಾಕೆ? ಚೆರಿಯನ್‌ಗೆ, ಕೆಳಮನೆಯ ಲೀಲಾಮ್ಮನಿಗೆ, ಫಾದರಿಗೆ, ಗುಡ್ಡದ ಕೆಳಗಿನ ಅಷ್ಟೂ ಮನೆಗಳಿಗೆ ಮರಗೆಣಸೇ ಹೋಗಲಿ. ಬೇಯಿಸುದು ನಾನು. ಅಗೆಯುದು, ಹೊರುದು, ಸಿಪ್ಪೆ ತೆಗೆಯುದು ನೀವು.

ಅವಳು ಪಿಕ್ಕಾಸು ತಂದು ಗಂಡನ ಕೈಗಿಟ್ಟಳು. ಮಳೆ ನಿಂತು ತಿಂಗಳಾಗಿತ್ತು, ಹಿತ್ತಿಲು ಕಾದು ಗಟ್ಟಿಯಾಗಿತ್ತು. ಪೈಲಿ ಮೊದಲ ಏಟು ಹಾಕಿದ. ಪಿಕ್ಕಾಸು ಠಣ್ ಎಂದು ಹಿಂದಕ್ಕೆ ಹಾರಿತು. ಅವನು ಆಚೆ ಗುಡ್ಡದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕರೆದ.

ಪೈಲಿ: ಹಂಝ, ಆ ಮಾರದೆ ಉಳಿದ ಕೇಕು ಎಷ್ಟು ಉಂಟು ಅಂದಿ?