ಮೇಲಿನ ನಾಲ್ಕು ಮರ

ಅಂಕೋಲೆಯಲ್ಲಿ ಮನೆ ನಕ್ಷೆ ಬರೆದು ಪರವಾನಗಿಯ ಫೈಲು ಓಡಿಸುವುದು ನನ್ನ ಕಸುಬು. ಜಾಗ ಕಾಡಿನ ಅಂಚಿಗಿದ್ದರಂತೂ ಏನಾದರೊಂದು ಭಾನಗಡಿ ಆಗದೆ ಫೈಲು ಮುಗಿದದ್ದೇ ಇಲ್ಲ.

ಈಗ ಹೇಳುವುದು ಬೈತಖೋಲದ ಒಬ್ಬ ಮೀನು ಮಾರುವ ಅಕ್ಕನ ಫೈಲಿನ ಕತೆ. ಬಾಡಿಗೆ ಕೋಣೆಯಲ್ಲಿ ಬಂಗಡೆ ಹುರಿದರೆ ಸಾಕು, ಮಾಲಕರು ಮೂಗು ಮುಚ್ಚಿಕೊಂಡು ಬಾಗಿಲು ಬಡೀತಿದ್ದರಂತೆ. ಹಟ್ಟಿಕೇರಿಯಲ್ಲಿ ಕಾಡಿಗೆ ತಾಗಿದ ಒಂದು ತುಂಡು ಜಾಗ ಅವಳದ್ದಿತ್ತು. "ಯಾರ ಹೆದರಿಕೆಯೂ ಇಲ್ಲದೆ ಮೀನು ಹುರೀಲಿಕ್ಕೆ ನಂದೊಂದು ಅಡುಗೆಮನೆ ಬೇಕು ಮಾರಾಯ್ರೇ" ಅಂದಳು.

ಇಪ್ಪತ್ತು

ಅರ್ಜಿಯಲ್ಲಿ ಜಾಗದ ಮರಗಳ ಲೆಕ್ಕ ಕೊಡಬೇಕು. ಬಿಸಿಲಿಗೆ ಗುಡ್ಡ ಹತ್ತಲು ನನಗೆ ಸೋಮಾರಿತನ. "ನೀನೇ ಎಣಿಸಿಕೊಂಡು ಬಾ ಅಕ್ಕ" ಅಂದೆ. ಇಪ್ಪತ್ತು ಅಂದಳು, ಬರೆದೆ.

ಅರಣ್ಯ ಇಲಾಖೆಯ ಗಾರ್ಡರೊಬ್ಬರು ಬಂದು ಒಂದೊಂದು ಮರಕ್ಕೂ ಬಿಳಿ ಬಣ್ಣದಲ್ಲಿ ನಂಬರು ಹಾಕಿದರು. ಇಪ್ಪತ್ನಾಲ್ಕು!

"ನಾಲ್ಕು ಮರ ಎಂತಕ್ಕೆ ಮುಚ್ಚಿಟ್ರಿ?" ಅಂತ ಅಕ್ಕನನ್ನು ಕೇಳಿದರು.

"ಮುಚ್ಚಿಡೂದೆಂಥದು? ಐದಕ್ಕೊಂದು ಮೇಲೆ ಬಿಟ್ಟೆ. ಬಂಗಡೆ ಎಣಿಸೂದೂ ಹಾಗೇ ಅಲ್ವಾ, ಐದು ಕೊಂಡರೆ ಒಂದು ಪುಕ್ಕಟೆ? ಮೇಲಿನದನ್ನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ?"

ಗಾರ್ಡರು ನನ್ನ ಮುಖ ನೋಡಿದರು. ನಾನು ಕಾಡಿನ ಸೌಂದರ್ಯ ನೋಡಿದೆ. ಫೈಲು ವಾಪಸ್ ಬಂತು.

ನಕ್ಷೆ ಯಾರದ್ದು

ಎರಡನೇ ಸಲ ಫೈಲು ಕೊಟ್ಟಾಗ ಅಡುಗೆಮನೆಗೆ ಅಡ್ಡ ಬಂದದ್ದು ಒಂದು ದೊಡ್ಡ ಹಲಸಿನ ಮರ. ಕಡಿಯಲು ಅನುಮತಿ ಬೇಕು ಅಂದೆ.

"ಮನೆ ಇನ್ನೂ ಕಾಗದದ ಮೇಲಲ್ವಾ ಇರೂದು? ಮರ ಸರಿಯೂದಿಲ್ಲ, ಅಡುಗೆಮನೆ ಸರಿಸಿ" ಅಂದರು ಗಾರ್ಡರು.

ನನಗೆ ಸಿಟ್ಟು ಬಂತು. "ನಕ್ಷೆ ಬರೆಯುವವ ನಾನೋ ನೀವೋ?"

ಅವರು ಕೋಲಿನಿಂದ ನೆಲದ ಮೇಲೆ ಗೀಚಿದರು. ಅಡುಗೆಮನೆ ಪಶ್ಚಿಮಕ್ಕೆ ತಿರುಗಿತು, ಹಲಸು ಉಳಿಯಿತು, ಕಿಟಕಿಗೆ ಸಮುದ್ರದ ಗಾಳಿಯೂ ಸಿಕ್ಕಿತು. ಛೇ, ನನ್ನದಕ್ಕಿಂತ ಚೆಂದ! ಮನೆಗೆ ಹೋಗಿ ಹಾಗೇ ಬರೆದೆ. ಅದರಲ್ಲಿ ನನ್ನದು ಅಂತ ಇರುವುದು ಸಹಿ ಮಾತ್ರ.

ಹತ್ತು ಬಂಗಡೆ

ಫೈಲು ಇನ್ನೂ ಅವರ ಕೈಯಲ್ಲೇ ಇದ್ದಾಗ ಗಾರ್ಡರು ಮೀನುಪೇಟೆಗೆ ಬಂದು ಹತ್ತು ಬಂಗಡೆ ಕೇಳಿದರು. ಅಕ್ಕ ಹನ್ನೆರಡು ಹಾಕಿದಳು. ಅವರು ಎರಡನ್ನು ತೆಗೆದು ಬುಟ್ಟಿಗೆ ವಾಪಸ್ ಇಟ್ಟರು.

"ಎಲ್ಲರಿಗೂ ಕೊಡ್ತೆ ನಾನು!" ಅಕ್ಕನ ದನಿಗೆ ಇಡೀ ಪೇಟೆ ತಿರುಗಿತು.

"ಎಲ್ಲರ ಕೈಲಿ ನಿಮ್ಮ ಫೈಲಿಲ್ಲ."

ಇಂಥ ಮನುಷ್ಯ ಅಂತ ನಾನು ನನ್ನ ಕಸುಬಿನಲ್ಲಿ ಕಂಡದ್ದು ಇವರೊಬ್ಬರನ್ನೇ. ಅಕ್ಕ ಮಾತ್ರ, "ನನ್ನ ಮೀನಿಗೆ ಅವಮಾನ" ಅಂತ ಸಂಜೆವರೆಗೂ ಬೈದಳು.

ಮೇಲಿನ ಎರಡು

ಪರವಾನಗಿ ಬಂತು. ಪಾಯಕ್ಕೆ ಅಡ್ಡ ಬರುವ ಬೇರೊಂದು ಮರ ಕಡಿಯಬಹುದು, ಬದಲಿಗೆ ಹತ್ತು ಗಿಡ ನೆಡಬೇಕು ಅಂತ ಷರತ್ತು. ಮನೆಯೂ ಎದ್ದಿತು. ತಪಾಸಣೆಗೆ ಬಂದ ಗಾರ್ಡರು ಗಿಡ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಹನ್ನೆರಡು.

ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎರಡು ಮೇಲೆ. ಕಿತ್ತು ವಾಪಸ್ ಕೊಡ್ತೀರಾ?"

ಗಾರ್ಡರು ನಕ್ಕದ್ದನ್ನು ಅವತ್ತೇ ನಾನು ನೋಡಿದ್ದು. ವರದಿಯಲ್ಲಿ ಬರೆದರು: "ಗಿಡ ಹತ್ತು. ಮೇಲೆ ಎರಡು."

ಮಾರನೇ ವಾರ ಪೇಟೆಯಲ್ಲಿ ಮತ್ತೆ ಹತ್ತು ಬಂಗಡೆ ಕೊಂಡು, ಚೀಲ ಹಿಡಿದು ನಿಂತೇ ಇದ್ದರು. "ಫೈಲು ಮುಗೀತಲ್ಲ ಅಕ್ಕ, ಇನ್ನು ಮೇಲಿನದು ಹಾಕಬಹುದು."

ಅಕ್ಕ ತಲೆ ಎತ್ತದೆ ಮೀನಿಗೆ ನೀರು ಚಿಮುಕಿಸಿದಳು. "ನಿಮ್ಮ ಎರಡು ಹಟ್ಟಿಕೇರಿಲಿ ನೆಟ್ಟಿದ್ದೆ. ಹೋಗೂವಾಗ ನೀರು ಹಾಕಿ ಹೋಗಿ."