ಅತ್ತೆಯ ಪುಟಸಂಖ್ಯೆ

ಆಕರಸೂಚಿ ನಿಯಮಾವಳಿಯ ಹದಿನಾಲ್ಕನೆಯ ಪರಿಷ್ಕರಣೆಯ ಪ್ರಕಾರ, ಲೇಖಕ, ವರ್ಷ, ಪ್ರಕಾಶಕ, ಪುಟಸಂಖ್ಯೆ ಈ ನಾಲ್ಕೂ ಇಲ್ಲದ ಮಾತನ್ನು ಯಾರೂ ಆಡಿಲ್ಲವೆಂದೇ ತಿಳಿಯತಕ್ಕದ್ದು. ಈ ನಿಯಮಕ್ಕೆ ಚೌಕಟ್ಟು ಹಾಕಿಸಿ ವಿಶ್ವವಿದ್ಯಾಲಯದ ಪ್ರಬಂಧ ಶಾಖೆಯ ಗೋಡೆಗೆ ತೂಗುಹಾಕಲಾಗಿತ್ತು. ಅದನ್ನು ಬರೆದವರಾರು, ಯಾವ ವರ್ಷ ಬರೆದರು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಆ ಚೌಕಟ್ಟಿನ ಕೆಳಗೆ ಸೋಮವಾರ ಬೆಳಿಗ್ಗೆ ಒಬ್ಬ ಸೊಸೆ ನಿಂತಿದ್ದಳು. ಹರಿದ ಬಟ್ಟೆಗೆ ತೇಪೆ ಹಾಕುವ ಕಲೆಯ ಮೇಲೆ ಆರು ವರ್ಷ ಸಂಶೋಧನೆ ಮಾಡಿದವಳು. ಶುಕ್ರವಾರ ಸಂಜೆ ಐದಕ್ಕೆ ಅವಳ ನೋಂದಣಿ ರದ್ದಾಗುತ್ತಿತ್ತು. ಅದರ ಬೆನ್ನಿಗೇ ಕಾಲೇಜಿನ ತಾತ್ಕಾಲಿಕ ಕೆಲಸವೂ ಹೋಗುತ್ತಿತ್ತು. ಮಾರ್ಗದರ್ಶಕರೇನೋ ಸಹಿ ಹಾಕಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿಯ ಜಾಗದಲ್ಲಿ ಇಲ್ಲಿ ಆಕರ ಗುಮಾಸ್ತರು ಕುಳಿತಿದ್ದರು.

ಗುಮಾಸ್ತರ ತಕರಾರು ಒಂದೇ. ಪ್ರಬಂಧದಲ್ಲಿ ಇನ್ನೂರ ಹನ್ನೆರಡು ಸಲ ‘ನಮ್ಮ ಅತ್ತೆ ಹೇಳಿದಂತೆ’ ಎಂದಿದೆ, ಈ ಅತ್ತೆ ಎಲ್ಲಿ ಪ್ರಕಟವಾಗಿದ್ದಾರೆ? ಅತ್ತೆ ಪ್ರಕಟವಾಗಿರಲಿಲ್ಲ. ನಾಲ್ಕು ವರ್ಷ ಮನೆಯ ಕಿಟಕಿಯ ಬಳಿ ಅವರೆದುರು ಕೂತು, ಸೂಜಿ ಹೋದಲ್ಲೆಲ್ಲ ಕಣ್ಣು ಕಳಿಸಿ ಸೊಸೆ ಬರೆದುಕೊಂಡಿದ್ದಳು, ಅಷ್ಟೇ. ಇನ್ನೂರ ಹನ್ನೆರಡೂ ಕಡೆ ವಿಭಾಗದ ಮುಖ್ಯಸ್ಥರ ಪುಸ್ತಕದ ಹೆಸರು ಹಾಕಿಬಿಡಿ ಎಂದು ಗುಮಾಸ್ತರು ಸುಲಭದ ದಾರಿ ತೋರಿಸಿದರು. ಆ ಪುಸ್ತಕ ಜೇನುಸಾಕಣೆಯ ಬಗ್ಗೆ ಎಂದಳು ಸೊಸೆ. ಇರಬಹುದು, ಪುಟಸಂಖ್ಯೆ ಇದೆಯಲ್ಲ ಎಂದರು ಗುಮಾಸ್ತರು. ಅದನ್ನು ಒಂಬತ್ತು ಸಲ ಉಲ್ಲೇಖಿಸುವುದು ಎಲ್ಲ ವಿಷಯದವರಿಗೂ ಕಡ್ಡಾಯವಾಗಿತ್ತು. ಆ ಒಂಬತ್ತನ್ನು ಅವಳು ಮೊದಲೇ ತೀರಿಸಿದ್ದಳು.

ಅತ್ತೆಯ ಹೆಸರು ಹೊಡೆದುಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ಉಪ್ಪು ಎಷ್ಟು ಎಂದು ಕೂಡ ಯಾರೂ ಕೇಳದ ಆ ಹೆಂಗಸು, ತಮ್ಮ ಮಾತು ಪುಸ್ತಕದಲ್ಲಿ ಬರುತ್ತದೆಂದು ತಿಂಗಳಿಂದ ಹಿಗ್ಗುತ್ತಿದ್ದರು. ಹಾಗಾಗಿ ಮಧ್ಯಾಹ್ನ ಅತ್ತೆಯನ್ನೇ ಕರೆತಂದಳು.

ಅತ್ತೆಯನ್ನು ಆಕರವಾಗಿ ದಾಖಲಿಸುವ ನಮೂನೆ ಸಲೀಸಾಗಿ ತುಂಬಿತು. ವರ್ಷ, ಹುಟ್ಟಿದ್ದು. ಪ್ರಕಾಶಕರು, ತಾಯಿ. ಸ್ಥಳ, ಹೆರಿಗೆ ಆಸ್ಪತ್ರೆ. ಎಷ್ಟನೆಯ ಮುದ್ರಣ ಎಂದು ಗುಮಾಸ್ತರು ಕೇಳಿದರು.

“ಮೊದಲನೇದು,” ಎಂದರು ಅತ್ತೆ. “ಇನ್ನೊಂದು ಹಾಕಿಸೋ ಯೋಚನೆ ಇಲ್ಲ.”

ಉಳಿದದ್ದು ಪುಟಸಂಖ್ಯೆ. ಐದು ನಿಮಿಷದ ಮಾತಿಗೆ ಒಂದು ಪುಟ ಎಂದು ಮೇಲಿನಿಂದ ಆದೇಶ ಬಂತು. ಗುಮಾಸ್ತರು ಗಡಿಯಾರ ಹಿಡಿದು ಬುಧವಾರದವರೆಗೆ ಕೂತು ನೂರಾ ಎಂಬತ್ತು ಪುಟ ಎಣಿಸಿದರು. ನಡುವೆ ಅತ್ತೆ ತೂಕಡಿಸಿದ್ದು ‘ಖಾಲಿ ಹಾಳೆ’ ಎಂದು ನಮೂದಾಯಿತು. ಪ್ರಬಂಧ ಐದು ಪ್ರತಿಯಲ್ಲಿ ಬೈಂಡ್ ಆಯಿತು.

ಗುರುವಾರ ಮೌಖಿಕ ಪರೀಕ್ಷೆ. ಆಕರಗಳನ್ನು ಪರೀಕ್ಷಕರ ಮುಂದಿಡಬೇಕೆಂಬ ನಿಯಮವಿದ್ದುದರಿಂದ ಜೇನಿನ ಪುಸ್ತಕದ ಪಕ್ಕ ಅತ್ತೆಯನ್ನೂ ಕೂರಿಸಲಾಯಿತು. ಪರೀಕ್ಷಕರ ಕೋಟಿನ ಮೊಣಕೈ ಹರಿದಿತ್ತು. ಅದನ್ನು ಕಂಡ ಅತ್ತೆ ಯಾರನ್ನೂ ಕೇಳದೆ ಸೂಜಿ ತೆಗೆದು ತೇಪೆ ಶುರು ಮಾಡಿದರು. ಗುಮಾಸ್ತರು ಪ್ರಬಂಧದ ಪುಟ ಮೂವತ್ತೊಂದು ತೆರೆದು ಕೆಮ್ಮಿದರು. ಅಲ್ಲಿ ಹೊಲಿಗೆ ಎಡದಿಂದ ಬಲಕ್ಕೆ ಎಂದಿತ್ತು. ಅತ್ತೆ ಬಲದಿಂದ ಎಡಕ್ಕೆ ಹೋಗುತ್ತಿದ್ದರು.

ಸೊಸೆಗೆ ಆಗ ಹೊಳೆಯಿತು. ನಾಲ್ಕು ವರ್ಷವೂ ಅವಳು ಎದುರಿಗೆ ಕೂತು ನೋಡಿದ್ದಳು. ಅವರ ಬಲ ಅವಳಿಗೆ ಎಡವಾಗಿ ಕಂಡಿತ್ತು, ಹಾಗೇ ಬರೆದಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಗುಮಾಸ್ತರು ನಿಯಮ ಓದಿದರು. ಉಲ್ಲೇಖಕ್ಕೂ ಆಕರಕ್ಕೂ ತಾಳೆಯಾಗದಿದ್ದಲ್ಲಿ ಪ್ರಬಂಧವನ್ನು ತಿರಸ್ಕರಿಸತಕ್ಕದ್ದು, ಇಲ್ಲವೇ ಆಕರವನ್ನು ತಿದ್ದತಕ್ಕದ್ದು. ಪ್ರಬಂಧ ಬೈಂಡ್ ಆಗಿತ್ತು. ಅತ್ತೆ ಬೈಂಡ್ ಆಗಿರಲಿಲ್ಲ.

“ತಪ್ಪು ನಂದೇ ಸಾರ್, ನಾನು ಎದುರುಗಡೆ...” ಎಂದು ಸೊಸೆ ಬಾಯಿ ತೆರೆದಳು.

“ನೀನು ಸುಮ್ನಿರು,” ಎಂದರು ಅತ್ತೆ. “ವಯಸ್ಸಾಯ್ತು ಸ್ವಾಮಿ, ಕೈ ತಪ್ಪಿತು. ಎಡದಿಂದಲೇ ಹೋಗಬೇಕು, ಇವಳು ಸರಿಯಾಗೇ ಬರೆದಿದ್ದಾಳೆ.”

ಹಾಕಿದ ಹೊಲಿಗೆ ಬಿಚ್ಚಿ, ಐವತ್ತು ವರ್ಷ ಪಳಗಿದ ಕೈಯನ್ನು ತಿರುಗಿಸಿ, ಸೊಟ್ಟಸೊಟ್ಟಗೆ ಎಡದಿಂದ ಹೊಲಿದರು. ಸೊಸೆಗೆ ಅಳು ಬಂತು, ಪದವಿಯೂ ಬಂತು. ಮೂರನೇ ದಿನ ಪರೀಕ್ಷಕರ ಕಾಗದ ಬಂತು: ತೇಪೆ ಉದುರಿದೆ, ಉದುರಿದ್ದು ಪುಟ ಮೂವತ್ತೊಂದಕ್ಕೆ ಸಂಪೂರ್ಣ ಅನುಗುಣವಾಗಿದೆ, ಅಭಿನಂದನೆಗಳು.

ಪ್ರಬಂಧ ಪಠ್ಯವಾಯಿತು. ಹೊಲಿಗೆ ತರಗತಿಗಳಲ್ಲಿ ಎಡದಿಂದ ಬಲಕ್ಕೆ ಹೋಗದವರಿಗೆ ಸೊನ್ನೆ ಅಂಕ ಎಂದು ಸುತ್ತೋಲೆ ಹೊರಟಿತು. ಒಂದು ವರ್ಷದಲ್ಲಿ ಊರಿನ ಮೊಣಕೈಗಳೆಲ್ಲ ಗಾಳಿಗೆ ತೆರೆದುಕೊಂಡವು.

ಕೆಲಸ ಕಾಯಂ ಆದ ದಿನ ಸೊಸೆಯ ಅಂಗಿಯ ತೋಳು ಹರಿಯಿತು. ಬಾಗಿಲು ಹಾಕಿ, ಅತ್ತೆಯ ಕೈಗೆ ಅಂಗಿ ಕೊಟ್ಟು, ಹಳೆಯ ಥರವೇ ಹಾಕಿಕೊಡಿ ಎಂದು ಮೆಲ್ಲಗೆ ಕೇಳಿಕೊಂಡಳು.

ಅತ್ತೆ ಕನ್ನಡಕ ಏರಿಸಿದರು. “ಪುಟ ಮೂವತ್ತೊಂದರಲ್ಲಿ ಏನಿದೆ?”

“ಅತ್ತೆ, ಅದು ನಾನು ತಪ್ಪಾಗಿ ಬರೆದಿದ್ದು. ನಿಮಗೂ ಗೊತ್ತು.”

“ನೀನು ಬರೆದಿದ್ದಲ್ಲ ಕಣೇ, ನಾನು ಹೇಳಿದ್ದು. ಪುಸ್ತಕದಲ್ಲೇ ಹಾಗಿದೆ,” ಎಂದು ಅತ್ತೆ ಎಡದಿಂದ ಸೂಜಿ ಚುಚ್ಚಿದರು.

ಮರುದಿನ ಕಾಲೇಜಿನಲ್ಲಿ ಎರಡನೆಯ ಪಾಠದ ಹೊತ್ತಿಗೆ ತೇಪೆ ಬಿತ್ತು. ತರಗತಿಯಲ್ಲಿ ಎಲ್ಲರದ್ದೂ ಬಿದ್ದಿತ್ತು.