ಕಲ್ಲೀರಲ್, ಮಣ್ಣೀರಲ್ ಮತ್ತು ನಮ್ಮ ಅತ್ತೆಯವರ ಹೊಟ್ಟೆ

ಉದಕಮಂಡಲದಲ್ಲಿ ಜನರ ಹೊಟ್ಟೆಯ ಒಳಗನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನ್ ಸೆಂಟರಿನ ವ್ಯವಸ್ಥಾಪಕ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ಮಂಜೂರಿನ ತರಕಾರಿ ವ್ಯಾಪಾರಿ ನಂಜುಂಡೇಶನು ಕ್ಯಾರೆಟ್ ಮೂಟೆಗಳ ನಡುವೆ ಕುಳಿತು ಸಲ್ಲಿಸುವ ನಮಸ್ಕಾರಗಳು. ತಾವು, ತಮ್ಮ ಡಾಕ್ಟರು ಮತ್ತು ತಮ್ಮ ಯಂತ್ರ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮಲ್ಲಿಯೂ ಈಗ ಎಲ್ಲರೂ ಕ್ಷೇಮ. ಈ 'ಈಗ' ಎಂಬ ಮಾತನ್ನು ಯಾಕೆ ಸೇರಿಸಬೇಕಾಯಿತೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ.

ಕಳೆದ ತಿಂಗಳು ಗುಂಡ್ಲುಪೇಟೆ ಕಡೆಯಿಂದ ಮಗಳನ್ನು ನೋಡಲು ಬಂದ ನಮ್ಮ ಅತ್ತೆ ಲಿಂಗಾಜಮ್ಮನವರಿಗೆ, ಇಲ್ಲಿಯ ಚಳಿಯೂ ನಮ್ಮ ಮನೆಯ ಬೀನ್ಸ್ ಪಲ್ಯವೂ ಒಟ್ಟು ಸೇರಿ ಹೊಟ್ಟೆನೋವು ತಂದದ್ದರಿಂದ ಅವರನ್ನು ತಮ್ಮಲ್ಲಿಗೆ ಕರೆತಂದೆವು. ನಾನು ವ್ಯಾನ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ನನ್ನ ಹೆಂಡತಿ ಪುಷ್ಪಾ ಕೌಂಟರಿನಲ್ಲಿ ಹೆಸರು ಬರೆಸಿ, ತಾನೂ ಒಳಗೆ ಬರುತ್ತೇನೆಂದು ಕೇಳಿದಾಗ, ಪೇಷೆಂಟಿಗೆ ಮಾತ್ರ ಪ್ರವೇಶವೆಂಬ ಬೋರ್ಡನ್ನು ತಮ್ಮವರು ತೋರಿಸಿದರು. ಅಷ್ಟರೊಳಗೆ ತಾವು ಅತ್ತೆಯವರ ಹೊಟ್ಟೆಗೆ ತಣ್ಣಗಿನ ಅಂಟು ಬಳಿದು, ಒರೆಸಿ, ಪರೀಕ್ಷೆ ಮುಗಿಸಿಯೇ ಬಿಟ್ಟಿರಿ. ಇಂಥ ವೇಗವನ್ನು ನಾನು ನಮ್ಮ ಪಕ್ಕದ ಕುಂದಾ ವಿದ್ಯುತ್ ಕೇಂದ್ರದ ಕರೆಂಟಿನಲ್ಲೂ ಕಂಡಿಲ್ಲ. ಕಳಿಸುವಾಗ ತಮ್ಮ ಡಾಕ್ಟರು ಬಹಳ ವಾತ್ಸಲ್ಯದಿಂದ, "ಕಲ್ಲೀರಲ್, ಮಣ್ಣೀರಲ್, ಎಲ್ಲಾಂ ನಲ್ಲಾ ಇರುಕ್ಕುಮ್ಮಾ" ಎಂದರಂತೆ.

ತಮಿಳಿನಲ್ಲಿ ಕಲ್ಲೀರಲ್ ಎಂದರೆ ಲಿವರ್, ಮಣ್ಣೀರಲ್ ಎಂದರೆ ಗುಲ್ಮ. ಎರಡೂ ಚೆನ್ನಾಗಿವೆ ಎಂಬುದು ಡಾಕ್ಟರು ಕೊಟ್ಟ ಶುಭವಾರ್ತೆ. ಆದರೆ ನಮ್ಮ ಅತ್ತೆಗೆ ತಮಿಳಿನಲ್ಲಿ ಗೊತ್ತಿರುವುದು ಸಂತೆಯಲ್ಲಿ ಕಲಿತ ಒಂದೇ ಮಾತು: ಇರುಕ್ಕು, ಅಂದರೆ ಇದೆ. ಹೀಗಾಗಿ ಅವರು ತಮ್ಮ ಹೊಟ್ಟೆಯಲ್ಲಿ ಕಲ್ಲಿದೆ, ಮಣ್ಣಿದೆ, ಎಲ್ಲಾ ಇದೆ ಎಂದು ತಿಳಿದುಕೊಂಡು, ಡಾಕ್ಟರಿಗೆ ಕೈಮುಗಿದು, ಏನೂ ಆಗದವರಂತೆ ಬಂದು ವ್ಯಾನ್ ಹತ್ತಿದರು.

ಆಮೇಲೆ ಎರಡು ದಿನ ಅವರು ಊಟ ಮಾಡಲಿಲ್ಲ. ಕಾಫಿಯನ್ನೂ ತಳ್ಳಿದರು. ವರದಿಯಲ್ಲಿ ಎಲ್ಲವೂ ನಾರ್ಮಲ್ ಎಂದು ಬರೆದಿದೆಯೆಂದು ನಾವು ಓದಿ ಹೇಳಿದಷ್ಟೂ, ನಾವು ಏನನ್ನೋ ಮುಚ್ಚಿಡುತ್ತಿದ್ದೇವೆ ಎಂಬಂತೆ ಗೋಡೆಗೆ ಮುಖ ಮಾಡಿ ಮಲಗಿದರು. ನಮಗೆ ನಿಜಕ್ಕೂ ಭಯವಾಯಿತು. ಮೂರನೆಯ ದಿನ ಬೆಳಿಗ್ಗೆ ಎದ್ದು ಕುಳಿತು, ಕಿವಿಯ ಓಲೆ ಬಿಚ್ಚಿ ಮಗಳ ಕೈಗಿಟ್ಟರು.

"ನೀನು ಹೊಟ್ಟೇಲಿದ್ದಾಗ ಹಿತ್ಲು ಗೋಡೆ ಮಣ್ಣ ಕೆರ್ಕಂಡು ತಿಂತಿದ್ದೆ ಕಣವ್ವ. ನಿಮ್ಮಪ್ಪಂಗೂ ಹೇಳ್ನಿಲ್ಲ. ಆ ಮಣ್ಣು ಇನ್ನೂ ಒಳಗೇ ಅದೆ. ಡಾಕ್ಟ್ರು ಕಂಡುಹಿಡ್ದುಬುಟ್ರು."

ನಲವತ್ತೆರಡು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಅದು. ಪುಷ್ಪಾ ಮೊದಲು ನಕ್ಕಳು, ಆಮೇಲೆ ತಾಯಿಯ ಎರಡು ಕೈಯನ್ನೂ ಹಿಡಿದುಕೊಂಡು ಅತ್ತಳು.

"ನಾನೂ ಬಸ್ರೀಲಿ ಬಳಪ ತಿಂದಿವ್ನಿ ಕಣವ್ವ, ಡಬ್ಬಗಟ್ಲೆ. ಇವ್ರ್ಗೆ ಗೊತ್ತಿಲ್ಲ."

'ಇವರು' ಎಂದರೆ ಬಾಗಿಲಲ್ಲೇ ನಿಂತಿದ್ದ ನಾನು. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಕಾಣದ್ದನ್ನು, ತಮ್ಮ ಯಂತ್ರಕ್ಕೂ ಕಾಣದ್ದನ್ನು, ತಮ್ಮ ಡಾಕ್ಟರ ಒಂದೇ ವಾಕ್ಯ ಹೊರಗೆ ತೆಗೆದದ್ದಕ್ಕೆ ನಾನು ತಮಗೆ ಚಿರಋಣಿ.

ಡಾಕ್ಟರು ಹೇಳಿದ ಮಾತನ್ನು ಅತ್ತೆಯವರ ಬಾಯಿಂದಲೇ ಕೇಳಿಕೊಂಡು, ಕಲ್ಲೀರಲ್ ಎಂದರೇನೆಂದು ನಾವಿಬ್ಬರೂ ವಿವರಿಸಿದೆವು. ಅವರು ನಂಬಲಿಲ್ಲ. "ನನ್ ಸಮಾಧಾನಕ್ಕೆ ಹೇಳ್ತಿದ್ದೀರಿ, ಬುಡಿ ಅಳಿಯಂದ್ರೇ" ಎಂದರು. ಕನ್ನಡದಲ್ಲಾದರೂ ಒಪ್ಪಿಯಾರೆಂದು ನನ್ನ ಹಳೆಯ ವಿಜ್ಞಾನದ ಪುಸ್ತಕ ತೆಗೆದು ಜಠರ, ಯಕೃತ್ತು, ಮೇದೋಜೀರಕ ಗ್ರಂಥಿ ಎಂದು ಗಟ್ಟಿಯಾಗಿ ಓದಿದೆ. ಜೀರಕವನ್ನು ಜೀರಿಗೆಯೆಂದೂ ಗ್ರಂಥಿಯನ್ನು ಗ್ರಂಧಿಗೆ ಅಂಗಡಿಯೆಂದೂ ಕೇಳಿಸಿಕೊಂಡ ಅವರು, "ಅದ ತಂದು ಕುಡುದ್ರೆ ಮಣ್ಣು ಕರಗ್ದಾ?" ಎಂದು ಕೇಳಿದರು. ಆದ್ದರಿಂದ ತಪ್ಪು ತಮಿಳಿನದೊಂದೇ ಅಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಬೇರೆ ದಾರಿ ಕಾಣದೆ, ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಆ ಹಿರಿಯ ಜೀವವನ್ನು ಪೇಟೆಯ ಆರುಮುಗಂ ಅವರ ಮಾಂಸದಂಗಡಿಗೆ ಕರೆದುಕೊಂಡು ಹೋದೆ. ಅತ್ತೆ ಮೂಗಿಗೆ ಸೆರಗು ಹಿಡಿದು ಒಂದೇ ಕಣ್ಣು ತೆರೆದರು. ಆರುಮುಗಂ ಬಾಳೆಯೆಲೆಯ ಮೇಲೆ ಕುರಿಯ ಕಲ್ಲೀರಲ್ ಇಟ್ಟು, ಪಕ್ಕದಲ್ಲಿ ಮಣ್ಣೀರಲನ್ನೂ ಇಟ್ಟು, ದೇವರ ಮುಂದೆ ನಿಂತವರ ಹಾಗೆ ಕೈಕಟ್ಟಿಕೊಂಡರು.

"ಕಲ್ಲುಂ ಇಲ್ಲೆ, ಮಣ್ಣುಂ ಇಲ್ಲೆ. ತೊಟ್ಟುಪ್ ಪಾರುಂಗಮ್ಮಾ."

ಮುಟ್ಟಿ ನೋಡಿ ಎಂದದ್ದು ಅತ್ತೆಗೆ ಕೈಸನ್ನೆಯಲ್ಲೇ ತಿಳಿಯಿತು. ಛತ್ರಿಯ ತುದಿಯಿಂದ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಅಯ್ಯೋ, ಬೆಣ್ಣೆ ಇದ್ದಂಗದಲ್ಲ! ಇದ್ಕ್ಯಾಕೆ ಕಲ್ಲು ಅಂತ ಹೆಸರ ಮಡಗವ್ರೆ?"

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಎರಡು ಮುದ್ದೆ ಉಂಡು, ಮೂರನೆಯದಕ್ಕೆ ಕೈಚಾಚಿದರು. ಪುಷ್ಪಾ ಓಲೆಯನ್ನು ಅವರ ಕಿವಿಗೆ ತಾನೇ ಹಾಕಿದಳು.

ಅತ್ತೆಯವರ ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಾ, ತಮ್ಮಲ್ಲಿ ಕೆಲವು ಬಿನ್ನಹಗಳು. ಕಲ್ಲೀರಲನ್ನು ಜಿಲ್ಲೆಯಾದ್ಯಂತ ಬೆಣ್ಣೆಯೀರಲ್ ಎಂದು ಕರೆಯಲು ತಾವು ತಮಿಳು ಭಾಷೆಗೆ ಒಂದು ಸೂಚನೆ ಕಳಿಸಬೇಕು. ಸ್ಕ್ಯಾನ್ ಮಾಡುವಾಗ ಒಳಗಿನ ಪ್ರತಿಯೊಂದು ಅಂಗವೂ ಪರದೆಯ ಮೇಲೆ ಎದ್ದು ನಿಂತು ತನ್ನ ಹೆಸರು ಮತ್ತು ಕೆಲಸವನ್ನು ತಮಿಳು, ಕನ್ನಡ, ಇಂಗ್ಲಿಷಿನಲ್ಲೂ, ತುಮ್ಮನಟ್ಟಿ ಕಡೆಯವರು ಬಂದಾಗ ಬಡಗ ಮಾತಿನಲ್ಲೂ ಹೇಳಿಕೊಳ್ಳಬೇಕು. ಗುಲ್ಮವು ನಮ್ಮ ಅತ್ತೆಯವರಿಗೆ ಲಿಖಿತವಾಗಿ ಕ್ಷಮೆ ಕೇಳಬೇಕು. ಇವೆಲ್ಲ ತಮ್ಮಂಥವರಿಗೆ ಸುಲಭ. ಅತ್ಯಂತ ಕಠಿಣವಾದ ಒಂದನ್ನು ಕೇಳಲು ನನಗೇ ಸಂಕೋಚ: ಭಾಷೆ ಬಾರದ ತಾಯಿಯ ಜೊತೆಗೆ ಭಾಷೆ ಬರುವ ಮಗಳನ್ನೂ ಒಳಗೆ ಬಿಡುವುದು. ಇದು ತಮ್ಮಿಂದಾಗದಿದ್ದರೆ ನಾನು ಬೇಸರಿಸುವುದಿಲ್ಲ.

ಪರೀಕ್ಷಿಸಲ್ಪಟ್ಟ ಮತ್ತು ಪರೀಕ್ಷಿಸಲ್ಪಡದ ಸಕಲ ಒಳಾಂಗಗಳ ಸಮೇತ,
ತಮ್ಮ ವಿಶ್ವಾಸಿ,
ನಂಜುಂಡೇಶ
ಮಂಜೂರು

ತಾ.ಕ.: ಈ ಪತ್ರ ಕನ್ನಡದಲ್ಲಿದೆ. ತಮ್ಮಲ್ಲಿ ಓದುವವರಿಲ್ಲದಿದ್ದರೆ ದಯಮಾಡಿ ನಮ್ಮ ಮನೆಗೆ ಬನ್ನಿ, ಅತ್ತೆಯವರೇ ಓದಿ ಅರ್ಥ ಹೇಳುತ್ತಾರೆ. ಬರಿಹೊಟ್ಟೆಯಲ್ಲಿ ಬಂದು, ಒಂದೂವರೆ ಲೀಟರ್ ನೀರು ಕುಡಿದು, ಹೆಸರು ಕೂಗುವ ತನಕ ಬೆಂಚಿನ ಮೇಲೆ ಕುಳಿತಿರತಕ್ಕದ್ದು. ನಡುವೆ ಎದ್ದು ಹೋಗುವಂತಿಲ್ಲ.